ಹಗ್ಗ ಕಟ್ಟಿದರೆ ಹಾರಾಡುವ ನಾಯಿ: ಯಾಕೆ ಹೀಗೆ, ಶಾಂತ ಮಾಡುವುದು ಹೇಗೆ?

ನಮ್ಮ ಕೆಂಚಿ ಕಾರವಾರದ ಕೋಡಿಬಾಗದಲ್ಲಿ ರಸ್ತೆ ಬದಿ ಸಿಕ್ಕ ಊರುನಾಯಿ. ಮನೆಯೊಳಗೆ ಬೆಣ್ಣೆಯಂಥವಳು. ಅಮ್ಮ ಮೀನು ಕೊಯ್ಯುವಾಗ ಪಕ್ಕದಲ್ಲೇ ಕೂತಿರುತ್ತಾಳೆ, ಬಾಯಿ ಹಾಕುವುದಿಲ್ಲ. ಅದೇ ಕೆಂಚಿಗೆ ಹಗ್ಗ ಹಾಕಿ ಬೀದಿಗೆ ಇಳಿದಾಗ ಎದುರಿಂದ ಇನ್ನೊಂದು ನಾಯಿ ಬಂದರೆ ಮುಗಿಯಿತು. ಕಿವಿ ಮುಂದಕ್ಕೆ, ಬೆನ್ನ ಮೇಲಿನ ಕೂದಲು ನೆಟ್ಟಗೆ, ಆಮೇಲೆ ಒಂದೇ ನೆಗೆತ. ಗಂಟಲು ಹರಿಯುವ ಹಾಗೆ ಬೊಗಳುತ್ತಾಳೆ. ಹಗ್ಗ ಹಿಡಿದ ಕೈಯಲ್ಲಿ ಬರೆ ಬೀಳುತ್ತದೆ.

ಮೊದಲೆಲ್ಲ ಇದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂತು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಬೇಕು ಎಂಬ ಇನ್ನೊಂದು ಆದೇಶ ಬಂತು. ಆಮೇಲೆ ಚಹಾ ಅಂಗಡಿಯಲ್ಲೂ ನಾಯಿಯದೇ ಮಾತು, ಮದುವೆ ಮನೆಯಲ್ಲೂ ನಾಯಿಯದೇ ಮಾತು. ಆಚೆಮನೆ ಅಕ್ಕ ಈಗ ಕೆಂಚಿಯನ್ನು ಕಂಡ ಕೂಡಲೇ ಮಗುವನ್ನು ಎತ್ತಿಕೊಂಡು ಕೇಳುತ್ತಾರೆ: "ಇದು ಕಚ್ಚತದಾ?"

ಅವರು ಕೇಳುವುದರಲ್ಲಿ ತಪ್ಪಿಲ್ಲ. ನಾಯಿ ಸಾಕಿದವರು ಇದಕ್ಕೆ ಸರಿಯಾದ ಉತ್ತರ ಇಟ್ಟುಕೊಂಡಿರಬೇಕು. ಉತ್ತರ ಸಿಗಬೇಕಾದರೆ ಆ ಬೊಗಳಿಕೆಯ ಹಿಂದೆ ಏನಿದೆ ಅಂತ ಮೊದಲು ತಿಳಿಯಬೇಕು.

ರಿಯಾಕ್ಟಿವ್ ಅಂದರೆ ಏನು?

ಇಂಥ ನಾಯಿಗೆ ತರಬೇತುದಾರರು ಇಟ್ಟ ಹೆಸರು ರಿಯಾಕ್ಟಿವ್ ನಾಯಿ. ಎಲ್ಲ ನಾಯಿಗಳೂ ಸ್ವಲ್ಪ ಗಮನಿಸಿ ಸುಮ್ಮನಾಗುವ ವಿಷಯಕ್ಕೆ ಈ ನಾಯಿ ಅಳತೆ ಮೀರಿ ಕೂಗಾಡುತ್ತದೆ, ಎಗರುತ್ತದೆ, ಹಗ್ಗ ಜಗ್ಗುತ್ತದೆ. ಕೆಲವಕ್ಕೆ ಬೇರೆ ನಾಯಿ ಕಂಡರೆ ಆಗುವುದಿಲ್ಲ. ಕೆಲವಕ್ಕೆ ಹೆಲ್ಮೆಟ್ ಹಾಕಿದವರು, ಛತ್ರಿ ಹಿಡಿದವರು, ಸೈಕಲ್, ಓಡುವ ಮಕ್ಕಳು. ಹೀಗೆ ಕೆಣಕುವ ಸಂಗತಿಗೆ ಟ್ರಿಗರ್ ಅನ್ನುತ್ತಾರೆ.

ರಿಯಾಕ್ಟಿವ್ ನಾಯಿ ಅಂದ ಕೂಡಲೇ ಕಚ್ಚುವ ನಾಯಿ ಅಂದುಕೊಳ್ಳಬೇಡಿ. ಕಚ್ಚುವುದು ಹಾನಿ ಮಾಡುವ ಕೆಲಸ. ಬೊಗಳಿ ಎಗರುವುದು ಹೆಚ್ಚಿನ ಸಲ "ದೂರ ಹೋಗು, ನನ್ನ ಹತ್ತಿರ ಬರಬೇಡ" ಅನ್ನುವ ಕೂಗು. ಒಳಗಿರುವುದು ಹೆದರಿಕೆ. ಇನ್ನು ಕೆಲವು ನಾಯಿಗಳಲ್ಲಿ ಹೆದರಿಕೆಯ ಬದಲು ಚಡಪಡಿಕೆ ಇರುತ್ತದೆ. ಓಡಿಹೋಗಿ ಮೂಸಬೇಕು, ಆಡಬೇಕು ಅನ್ನುವ ಆಸೆ, ಹಗ್ಗ ಬಿಡುತ್ತಿಲ್ಲ ಅನ್ನುವ ಸಿಟ್ಟು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಹಾಗಂತ ರಿಯಾಕ್ಟಿವ್ ನಾಯಿ ಕಚ್ಚುವುದೇ ಇಲ್ಲ ಅಂತ ಹೇಳಲಿಕ್ಕೆ ಆಗುವುದಿಲ್ಲ. ಹೆದರಿದ ನಾಯಿಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲದಿದ್ದರೆ ಕೊನೆಗೆ ಅದು ಹಲ್ಲನ್ನೇ ಬಳಸುತ್ತದೆ. ಆದ್ದರಿಂದ ಆಚೆಮನೆ ಅಕ್ಕನಿಗೆ ನಾನು ಹೇಳುವುದು ಇಷ್ಟೇ: "ಇಲ್ಲಿವರೆಗೆ ಕಚ್ಚಿಲ್ಲ. ಆದರೂ ಮಗುವನ್ನು ಹತ್ತಿರ ಬಿಡುವುದು ಬೇಡ. ಅವಳಿಗೆ ಹೆದರಿಕೆ ಜಾಸ್ತಿ."

ಹಾಲು ಉಕ್ಕುವ ಲೆಕ್ಕ

ಒಲೆ ಮೇಲೆ ಹಾಲು ಇಟ್ಟಿದ್ದೀರಿ ಅಂದುಕೊಳ್ಳಿ. ಬಿಸಿಯಾಗುತ್ತಾ ಇರುತ್ತದೆ, ಮೇಲೆ ಏನೂ ಗೊತ್ತಾಗುವುದಿಲ್ಲ. ಅಂಚಿನಲ್ಲಿ ಸಣ್ಣ ಗುಳ್ಳೆ ಬರುತ್ತವೆ. ಕೆನೆ ನಡುಗುತ್ತದೆ. ಆಮೇಲೆ ಒಮ್ಮೆಲೇ ಮೇಲೆದ್ದು ಪಾತ್ರೆಯ ಅಂಚು ದಾಟುತ್ತದೆ. ಉಕ್ಕುತ್ತಿರುವ ಹಾಲಿಗೆ ಬೈದು ಉಪಯೋಗ ಇಲ್ಲ. ಬೆಂಕಿ ಸಣ್ಣ ಮಾಡಬೇಕು, ಇಲ್ಲವೇ ಪಾತ್ರೆ ಇಳಿಸಬೇಕು.

ನಾಯಿಯ ಒಳಗೂ ಹೀಗೇ ಆಗುತ್ತದೆ. ತರಬೇತುದಾರರು ಥ್ರೆಶೋಲ್ಡ್ ಅನ್ನುವುದು ಈ ಅಂಚಿಗೇ. ಅಂಚಿನ ಕೆಳಗಿದ್ದಾಗ ನಾಯಿಗೆ ಎದುರಿನ ನಾಯಿ ಕಾಣುತ್ತದೆ, ನಿಮ್ಮ ಮಾತೂ ಕೇಳುತ್ತದೆ, ತಿಂಡಿಯೂ ರುಚಿಸುತ್ತದೆ. ಅಂಚು ದಾಟಿದ ಮೇಲೆ ಮೈತುಂಬ ಅಡ್ರಿನಲಿನ್ ಅನ್ನುವ ಒತ್ತಡದ ಹಾರ್ಮೋನು. ಎದೆ ಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತವೆ. ಆಗ "ಕೂತ್ಕೋ" ಅಂದರೆ ನಾಯಿ ಕೇಳದಿರುವುದು ಹಟಕ್ಕಲ್ಲ. ಆ ಹೊತ್ತಿನಲ್ಲಿ ಅದಕ್ಕೆ ಕಲಿಯುವ, ಯೋಚಿಸುವ ತಾಳ್ಮೆಯೇ ಇರುವುದಿಲ್ಲ. ಕೈಯಲ್ಲಿ ಮೀನಿನ ಚೂರು ಹಿಡಿದರೂ ಮೂಸುವುದಿಲ್ಲ. ಇದು ನಿಮಗೆ ಸಿಗುವ ಒಳ್ಳೆಯ ಗುರುತು. ಇಷ್ಟದ ತಿಂಡಿಯನ್ನೂ ಬೇಡ ಅಂದರೆ ತೀರಾ ಹತ್ತಿರ ಬಂದುಬಿಟ್ಟಿದ್ದೀರಿ ಅಂತ ಅರ್ಥ.

ಇನ್ನೊಂದು ವಿಷಯ. ಒಮ್ಮೆ ಕಾದ ಹಾಲು ಬೇಗ ಆರುವುದಿಲ್ಲ. ಸ್ವಲ್ಪ ಬೆಂಕಿ ತಗುಲಿದರೂ ಮತ್ತೆ ಉಕ್ಕುತ್ತದೆ. ನಾಯಿಯ ಮೈಯಲ್ಲಿ ಏರಿದ ಒತ್ತಡ ಇಳಿಯಲು ಗಂಟೆಗಟ್ಟಲೆ ಬೇಕು, ಕೆಲವೊಮ್ಮೆ ಮರುದಿನದವರೆಗೂ ಎಳೆಯುತ್ತದೆ. ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ಇಳಿಸಿದ ಸದ್ದು, ಮಧ್ಯಾಹ್ನ ಕೊರಿಯರ್‌ನವರು, ಸಂಜೆ ಹಿತ್ತಿಲಲ್ಲಿ ಬೆಕ್ಕು. ಒಂದೊಂದೂ ಸಣ್ಣದೇ. ರಾತ್ರಿ ಹೊತ್ತಿಗೆ ಬಾಗಿಲ ಬಳಿ ಚಪ್ಪಲಿ ಸದ್ದಾದರೂ ನಾಯಿ ಸಿಡಿಯುತ್ತದೆ. "ದಿನಾ ಸುಮ್ನೆ ಇರ್ತದೆ, ಇವತ್ತು ಏನಾಯ್ತೋ" ಅನ್ನುತ್ತೇವಲ್ಲ, ಅದಕ್ಕೆ ಉತ್ತರ ಬೆಳಗಿನಿಂದ ನಡೆದದ್ದರಲ್ಲಿ ಇರುತ್ತದೆ.

ಉಕ್ಕುವ ಮೊದಲಿನ ಗುಳ್ಳೆಗಳನ್ನು ನೋಡಲು ಕಲಿತರೆ ಅರ್ಧ ಕೆಲಸ ಆದ ಹಾಗೆ. ತಿಂಡಿ ಇಲ್ಲದೆಯೂ ತುಟಿ ನೆಕ್ಕಿಕೊಳ್ಳುವುದು. ನಿದ್ದೆ ಇಲ್ಲದೆಯೂ ಆಕಳಿಸುವುದು. ಮುಖ ಆಚೆ ತಿರುಗಿಸಿ ಕಣ್ಣಂಚಿನಿಂದ ನೋಡುವುದು, ಆಗ ಕಣ್ಣಿನ ಬಿಳಿ ಕಾಣುತ್ತದೆ. ತೆರೆದ ಬಾಯಿ ಥಟ್ಟನೆ ಮುಚ್ಚುವುದು. ಮೈ ಕಂಬದ ಹಾಗೆ ಬಿಗಿಯಾಗುವುದು. ಬಾಲ ಅಲ್ಲಾಡಿದರೆ ಖುಷಿ ಅಂತ ನಾವು ತಿಳಿದಿದ್ದೇವೆ. ಸಡಿಲವಾಗಿ ಸೊಂಟದ ಸಮೇತ ಅಲ್ಲಾಡಿದರೆ ಹೌದು. ಮೇಲೆತ್ತಿ ಬಿಗಿಯಾಗಿ ಸಣ್ಣಗೆ ಅಲ್ಲಾಡಿದರೆ ಅದು ಉದ್ವೇಗ.

ಹಗ್ಗ, ಗೇಟು, ಸರಪಳಿ

ಬಿಟ್ಟಾಗ ಸುಮ್ಮನಿರುವ ನಾಯಿ ಕಟ್ಟಿದಾಗ ಯಾಕೆ ಹಾರಾಡುತ್ತದೆ? ಕಡಲ ದಂಡೆಯಲ್ಲಿ ಎರಡು ಬೀದಿನಾಯಿಗಳು ಭೇಟಿಯಾಗುವುದನ್ನು ನೋಡಿ. ಅವು ಎದುರೆದುರು ನೇರವಾಗಿ ಬರುವುದಿಲ್ಲ. ಬಿಲ್ಲಿನ ಹಾಗೆ ಬಳಸಿ ಬರುತ್ತವೆ, ಮಧ್ಯೆ ನೆಲ ಮೂಸುತ್ತವೆ, ಪಕ್ಕದಿಂದ ಹತ್ತಿರವಾಗುತ್ತವೆ. ಬೇಡ ಅನಿಸಿದರೆ ಒಂದು ಆಚೆ ಸರಿಯುತ್ತದೆ. ಜಗಳವೇ ಇಲ್ಲ.

ಹಗ್ಗ ಈ ಎಲ್ಲ ದಾರಿಯನ್ನೂ ಮುಚ್ಚುತ್ತದೆ. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದ ತಿರುವಿನಲ್ಲಿ ಎರಡು ಬಸ್ಸು ಮುಖಾಮುಖಿಯಾದ ಹಾಗೆ. ಪಕ್ಕಕ್ಕೆ ಜಾಗ ಇಲ್ಲ, ಹಿಂದೆ ಹೋಗಲಾಗದು, ಹಾರ್ನ್ ಹೊಡೆಯುವುದೊಂದೇ ಉಳಿದದ್ದು. ಅದರ ಮೇಲೆ, ಎದುರಿಗೆ ನಾಯಿ ಕಂಡ ಕೂಡಲೇ ನಾವೂ ಹಗ್ಗ ಬಿಗಿ ಹಿಡಿಯುತ್ತೇವೆ. ಕುತ್ತಿಗೆಗೆ ಪಟ್ಟಿ ಒತ್ತುತ್ತದೆ. ಬೇರೆ ನಾಯಿ ಕಂಡಾಗಲೆಲ್ಲ ಕುತ್ತಿಗೆ ನೋವು ಅಂತ ನಾಯಿ ಕಲಿಯುತ್ತದೆ.

ಗೇಟಿನದು ಬೇರೆ ಕಥೆ. ಮೀನಿನ ಬುಟ್ಟಿ ಹೊತ್ತ ಅಕ್ಕ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಕೂಗುತ್ತಾರೆ. ಕೆಂಚಿ ಬೊಗಳುತ್ತಾಳೆ. ಅಕ್ಕ ಮುಂದಿನ ಮನೆಗೆ ಹೋಗುತ್ತಾರೆ. ಅವರು ಹೋಗಬೇಕಾದವರೇ, ಹೋದರು. ಆದರೆ ಕೆಂಚಿಯ ಲೆಕ್ಕದಲ್ಲಿ ಅವಳು ಬೊಗಳಿದ್ದಕ್ಕೇ ಅವರು ಹೋದದ್ದು. ಪೋಸ್ಟಿನವರು, ಹಾಲಿನವರು, ವಿದ್ಯುತ್ ಮೀಟರ್ ನೋಡುವವರು, ಎಲ್ಲರೂ ಹೋಗುತ್ತಾರೆ. ದಿನಕ್ಕೆ ನಾಲ್ಕು ಸಲ ಗೆಲ್ಲುವ ಉಪಾಯವನ್ನು ಯಾರು ಬಿಡುತ್ತಾರೆ?

ಈ ಹೆದರಿಕೆ ಎಲ್ಲಿಂದ ಬಂತು?

ಮರಿಗೆ ಸುಮಾರು 3 ವಾರದಿಂದ 14 ವಾರದವರೆಗಿನ ಕಾಲ ಬಹಳ ಮುಖ್ಯ. ಅಮೆರಿಕದ ವಿಜ್ಞಾನಿಗಳಾದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಮರಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ 1965ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. ಆ ವಾರಗಳಲ್ಲಿ ಮರಿ ಏನನ್ನು ಹೆದರಿಕೆ ಇಲ್ಲದೆ ನೋಡುತ್ತದೋ ಅದು ಮುಂದೆ ಮಾಮೂಲಿ ಅನಿಸುತ್ತದೆ. ಆಗ ನೋಡದ್ದು ಮುಂದೆ ಅನುಮಾನ ಹುಟ್ಟಿಸುತ್ತದೆ.

ಭಾದ್ರಪದ ನಾಯಿಗಳು ಬೆದೆಗೆ ಬರುವ ತಿಂಗಳು ಅಂತ ನಮ್ಮ ಹಿರಿಯರು ಹೇಳುತ್ತಾರಲ್ಲ, ಅದು ಸುಮ್ಮನೆ ಬಂದ ಮಾತಲ್ಲ. ಮಳೆಗಾಲದ ಕೊನೆಗೆ ಬೀದಿನಾಯಿಗಳು ಕೂಡುತ್ತವೆ. ಎರಡು ತಿಂಗಳು ಕಳೆದು, ದೀಪಾವಳಿ ಆಸುಪಾಸಿನಿಂದ ಮರಿಗಳು ಕಾಣತೊಡಗುತ್ತವೆ. ಅಂಥ ಮರಿಯ ಮೊದಲ ವಾರಗಳಲ್ಲಿ ಯಾರೋ ಕಲ್ಲು ಹೊಡೆದಿರಬಹುದು. ತಾಯಿ ಸರಿಯಾಗಿ ತಿಂದಿರಲಿಕ್ಕಿಲ್ಲ. ಅಥವಾ ನಾವೇ ಮರಿಯನ್ನು ತಂದು ಆರು ತಿಂಗಳು ಹಿತ್ತಿಲಲ್ಲಿ ಕಟ್ಟಿ ಹೊರಜಗತ್ತನ್ನು ತೋರಿಸದೇ ಇದ್ದಿರಬಹುದು. ತಳಿಯ ಗುಣವೂ ಸ್ವಲ್ಪ ಸೇರುತ್ತದೆ. ಒಮ್ಮೆ ಬೇರೆ ನಾಯಿ ಕಚ್ಚಿದ ನೆನಪೂ ಸಾಕಾಗುತ್ತದೆ. ಕಾರಣ ಯಾವುದೇ ಇರಲಿ, ದೊಡ್ಡದಾದ ನಾಯಿಯೂ ಹೊಸದಾಗಿ ಕಲಿಯಬಲ್ಲದು. ಸಮಯ ಹೆಚ್ಚು ಬೇಕಾಗುತ್ತದೆ ಅಷ್ಟೇ.

ಬೈದರೆ, ಹೊಡೆದರೆ ಸರಿಹೋಗುವುದಿಲ್ಲವೇ?

ಕೆಲವೊಮ್ಮೆ ಸದ್ದು ನಿಲ್ಲುತ್ತದೆ. ಅಪಾಯ ಇರುವುದೇ ಅಲ್ಲಿ. ನಾಯಿ ಗುರ್ ಅನ್ನುವುದು ಎಚ್ಚರಿಕೆ. ಹೊಡೆದು ಆ ಗುರ್ ನಿಲ್ಲಿಸಿದರೆ ಹೆದರಿಕೆ ಒಳಗೇ ಉಳಿಯುತ್ತದೆ, ಎಚ್ಚರಿಕೆ ಮಾತ್ರ ಹೋಗುತ್ತದೆ. "ಏನೂ ಮಾಡದೇ ಇದ್ದದ್ದು ಒಮ್ಮೆಲೇ ಕಚ್ಚಿತು" ಅನ್ನುವ ನಾಯಿಗಳಲ್ಲಿ ಹೀಗೆ ಬಾಯಿ ಕಟ್ಟಿಸಿಕೊಂಡವೂ ಇರುತ್ತವೆ. ನಾವು ಜೋರಾಗಿ ಕೂಗಿದರೆ ನಾಯಿಗೆ ಇನ್ನೊಂದು ಅರ್ಥವೂ ಆಗುತ್ತದೆ: ಇವರೂ ನನ್ನ ಜತೆ ಬೊಗಳುತ್ತಿದ್ದಾರೆ, ಅಂದರೆ ನಿಜವಾಗಿಯೂ ಅಪಾಯ ಇದೆ.

ಪ್ರಾಣಿಗಳ ನಡವಳಿಕೆ ಓದಿದ ಅಮೆರಿಕದ ಪಶುವೈದ್ಯರ ಸಂಘವೊಂದು 2021ರಲ್ಲಿ ತನ್ನ ನಿಲುವನ್ನು ಸ್ಪಷ್ಟವಾಗಿ ಹೇಳಿತು. ಆಕ್ರಮಣ ಮಾಡುವ ನಾಯಿಗೂ ಸೇರಿ ಎಲ್ಲ ನಾಯಿಗಳಿಗೂ ಬಹುಮಾನ ಕೊಟ್ಟು ಕಲಿಸುವ ವಿಧಾನವೇ ಆಗಬೇಕು, ಶಾಕ್ ಕೊಡುವ ಪಟ್ಟಿ, ಮುಳ್ಳಿನ ಪಟ್ಟಿ, ಕತ್ತು ಬಿಗಿಯುವ ಚೈನು ಬೇಡ. ನಾನು ಕಲಿತದ್ದೂ ಅದೇ, ತಡವಾಗಿ. ಮೊದಲ ವರ್ಷ ನಾನು ಕೆಂಚಿಯ ಹಗ್ಗವನ್ನು ಜಗ್ಗಿ ಬೈಯುತ್ತಿದ್ದೆ. ಅವಳು ಇನ್ನಷ್ಟು ಹದಗೆಟ್ಟಳು. ಅದು ನನಗೆ ಈಗಲೂ ನೋವಿನ ವಿಷಯ.

ಮೊದಲು ಪಶುವೈದ್ಯರ ಹತ್ತಿರ

ನೋವಿರುವ ನಾಯಿ ಬೇಗ ಸಿಡುಕುತ್ತದೆ. ಮಳೆಗಾಲದಲ್ಲಿ ಕಿವಿ ಸೋರುವುದು, ಚರ್ಮದ ತುರಿಕೆ, ಉಣುಗು ಕಚ್ಚಿ ಬರುವ ಜ್ವರ, ಹಲ್ಲುನೋವು, ಸೊಂಟನೋವು. ಶಾಂತವಾಗಿದ್ದ ನಾಯಿ ದಿಢೀರ್ ಬದಲಾದರೆ ತರಬೇತಿಗಿಂತ ಮೊದಲು ತಪಾಸಣೆ ಮಾಡಿಸಿ. ರೇಬಿಸ್ ಲಸಿಕೆ ಆಗಿದೆಯೇ ಅಂತಲೂ ಆಗಲೇ ನೋಡಿಕೊಳ್ಳಿ. ಹೆದರಿಕೆ ತೀರಾ ಜಾಸ್ತಿ ಇದ್ದರೆ ವೈದ್ಯರು ಆತಂಕ ಇಳಿಸುವ ಔಷಧಿ ಕೊಡುವುದುಂಟು. ಮನುಷ್ಯರ ಮಾತ್ರೆಯನ್ನು ನೀವೇ ಕೊಡಬೇಡಿ. ನಮಗೆ ಸಾಮಾನ್ಯ ಅನಿಸುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಯ ಜೀವಕ್ಕೆ ಅಪಾಯ ತರಬಲ್ಲವು.

ಬೊಗಳುವ ಅಭ್ಯಾಸಕ್ಕೆ ದಾರಿ ಮುಚ್ಚಿ

ದಿನಾ ಮಾಡಿದ್ದು ಗಟ್ಟಿಯಾಗುತ್ತದೆ. ಕಲಿಸುವ ಕೆಲಸ ಶುರು ಮಾಡುವ ಮೊದಲು, ನಾಯಿ ದಿನಾ ಉಕ್ಕುವ ಸಂದರ್ಭಗಳನ್ನು ಕಡಿಮೆ ಮಾಡಬೇಕು. ನಾವು ಮಾಡಿದ್ದು ಬಹಳ ಸರಳ. ಗೇಟಿನ ಕೆಳಗಿನ ಅರ್ಧಕ್ಕೆ ಹಸಿರು ನೆಟ್ ಕಟ್ಟಿದೆವು. ಬೀದಿ ಕಾಣದಂತೆ ಕೆಂಚಿಯ ಜಾಗವನ್ನು ಗೇಟಿನಿಂದ ಹಿತ್ತಿಲ ಕಡೆಗೆ ಬದಲಿಸಿದೆವು. ತಿರುಗಾಟದ ಹೊತ್ತನ್ನು ಬೆಳಗಿನ ಐದೂವರೆಗೆ ತಂದೆವು. ಒಂದು ವಾರ ಪೂರ್ತಿ ಅವಳು ಯಾವ ನಾಯಿಯನ್ನೂ ಹತ್ತಿರದಿಂದ ನೋಡದಂತೆ ಮಾಡಿದೆವು. ಕಾದ ಹಾಲು ಆರಲಿ ಅಂತ.

ಕುತ್ತಿಗೆ ಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಹಗ್ಗ ಒಂದೂವರೆ ಎರಡು ಮೀಟರ್ ಇರಲಿ, ಕೈಯಲ್ಲಿ ಸಡಿಲವಾಗಿ ಇರಲಿ.

ದೂರ, ಮತ್ತು ಒಂದು ಚೂರು ಬಂಗಡೆ ಮೀನು

ಈಗ ಮುಖ್ಯ ವಿಷಯಕ್ಕೆ ಬರೋಣ. ಕರಾವಳಿಯಲ್ಲಿ ಮೀನು ಮಾರುವವರ ಹಾರ್ನ್ ಕೇಳಿದ ಕೂಡಲೇ ಓಣಿಯ ಬೆಕ್ಕುಗಳೆಲ್ಲ ಬಾಲ ಎತ್ತಿ ಹೊರಗೆ ಬರುತ್ತವೆ, ಅಲ್ವಾ? ಮೀನು ಇನ್ನೂ ಕಂಡಿರುವುದಿಲ್ಲ. ಬರೀ ಹಾರ್ನ್‌ಗೇ ಅವುಗಳ ಬಾಯಲ್ಲಿ ನೀರು. ಹಾರ್ನ್ ಆದ ಮೇಲೆ ಮೀನು, ಹಾರ್ನ್ ಆದ ಮೇಲೆ ಮೀನು ಅಂತ ಎಷ್ಟೋ ಸಲ ಆಗಿ, ಹಾರ್ನ್ ಅಂದರೇ ಖುಷಿ ಅಂತ ಆಗಿದೆ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳಲ್ಲಿ ಗಮನಿಸಿದ್ದು ಇದನ್ನೇ. ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕೆ 1904ರಲ್ಲಿ ನೊಬೆಲ್ ಪಡೆದ ಅವರು, ಊಟ ಬರುವ ಸುಳಿವು ಸಿಕ್ಕರೇ ನಾಯಿಗಳು ಜೊಲ್ಲು ಸುರಿಸುವುದನ್ನು ನೋಡಿ ಅದರ ಬೆನ್ನು ಹತ್ತಿದರು.

ರಿಯಾಕ್ಟಿವ್ ನಾಯಿಗೆ ಕಲಿಸುವುದೂ ಇದೇ ದಾರಿಯಲ್ಲಿ. ಬೇರೆ ನಾಯಿ ಕಂಡರೆ ಹೆದರಿಕೆ ಅನ್ನುವುದನ್ನು, ಬೇರೆ ನಾಯಿ ಕಂಡರೆ ಬಂಗಡೆ ಅಂತ ಬದಲಿಸಬೇಕು. ಇದಕ್ಕೆ ಕೌಂಟರ್ ಕಂಡಿಷನಿಂಗ್ ಅನ್ನುತ್ತಾರೆ. ದೂರದಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಹತ್ತಿರ ಹೋಗುವುದಕ್ಕೆ ಡಿಸೆನ್ಸಿಟೈಸೇಷನ್ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಒಂದು ಹೆಜ್ಜೆ, ಒಂದು ಚೂರು.

ದೂರ ಸಿಗುವುದೇ ಊರೊಳಗೆ ಕಷ್ಟ. ಕೋಡಿಬಾಗದ ಓಣಿಗಳಲ್ಲಿ ಹತ್ತು ಹೆಜ್ಜೆ ಜಾಗ ಸಿಕ್ಕರೆ ಹೆಚ್ಚು. ನಮಗೆ ನೆರವಾದದ್ದು ಕಡಲು. ಟಾಗೋರ್ ಕಡಲತೀರದಲ್ಲಿ ನೀರು ಇಳಿದಾಗ ಮರಳು ಅಗಲವಾಗುತ್ತದೆ. ಭರತಿಯ ಹೊತ್ತಿನಲ್ಲಿ ಇಕ್ಕಟ್ಟು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಾನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಕೆಂಚಿಯನ್ನು ಕರೆದೊಯ್ಯುತ್ತಿದ್ದೆ. ಮೀನುಗಾರರು ಬಲೆ ಎಳೆಯುವ ಹೊತ್ತನ್ನು ಮಾತ್ರ ತಪ್ಪಿಸುತ್ತಿದ್ದೆ, ಆಗ ಅಲ್ಲಿ ನಾಯಿಗಳ ಸಂತೆಯೇ ಇರುತ್ತದೆ.

ಮೊದಲ ದಿನ ನೆನಪಿದೆ. ದೂರದಲ್ಲಿ ಒಂದು ಬಿಳಿ ನಾಯಿ ಮರಳಲ್ಲಿ ಮಲಗಿತ್ತು. ಸುಮಾರು ಅರವತ್ತು ಹೆಜ್ಜೆ ದೂರ. ಕೆಂಚಿ ನೋಡಿದಳು, ಕಿವಿ ಎತ್ತಿದಳು, ಬೊಗಳಲಿಲ್ಲ. ತಕ್ಷಣ ನಾನು "ಹೂಂ" ಅಂದು ಬಂಗಡೆಯ ಚೂರು ಕೊಟ್ಟೆ. ಉಪ್ಪು, ಖಾರ ಇಲ್ಲದೆ ಬೇಯಿಸಿ ಮುಳ್ಳು ತೆಗೆದು ಕಡಲೆಕಾಳಿನಷ್ಟು ಮಾಡಿಟ್ಟ ಚೂರು. ತಿಂದಳು. ಮತ್ತೆ ನಾಯಿಯನ್ನು ನೋಡಿದಳು. "ಹೂಂ." ಚೂರು. ಹೀಗೆ ಏಳೆಂಟು ಸಲ. ಬಿಳಿ ನಾಯಿ ಎದ್ದು ಬಂಡೆಯ ಹಿಂದೆ ಹೋಯಿತು. ನಾನು ಚೂರು ಕೊಡುವುದನ್ನು ನಿಲ್ಲಿಸಿದೆ. ಐದು ನಿಮಿಷಕ್ಕೆ ಪಾಠ ಮುಗಿಸಿ ಮನೆಗೆ ಬಂದೆವು.

ಇದರಲ್ಲಿ ಕ್ರಮ ಬಹಳ ಮುಖ್ಯ. ಮೊದಲು ನಾಯಿ ಕಾಣಬೇಕು, ಆಮೇಲೆ ಮೀನು ಬರಬೇಕು. ತಿರುವುಮುರುವು ಮಾಡಿ, ನಾಯಿ ಬರುವುದನ್ನು ನೀವು ಮೊದಲು ಕಂಡು ಚೂರು ತೋರಿಸಿ ಮರೆಸಲು ಹೋದರೆ, ಮೀನೇ ಅಪಾಯದ ಸೂಚನೆ ಆಗಿಬಿಡುತ್ತದೆ. ಎದುರಿನ ನಾಯಿ ಮರೆಯಾದ ಕೂಡಲೇ ಮೀನೂ ನಿಲ್ಲಬೇಕು. "ಹೂಂ" ಅನ್ನುವ ಸಣ್ಣ ಮಾತು ಕ್ಯಾಮೆರಾ ಕ್ಲಿಕ್ಕಿನ ಹಾಗೆ. ಶಾಂತವಾಗಿ ನೋಡಿದ ಆ ಕ್ಷಣವನ್ನೇ ಅದು ಹಿಡಿಯುತ್ತದೆ. ಯಾವ ಮಾತಾದರೂ ಆದೀತು, ದಿನಾ ಅದೇ ಇರಲಿ.

ಸುಮಾರು ಮೂರು ವಾರಕ್ಕೆ ಒಂದು ಬದಲಾವಣೆ ಬಂತು. ಕೆಂಚಿ ದೂರದ ನಾಯಿಯನ್ನು ನೋಡಿ, ತಾನೇ ತಿರುಗಿ ನನ್ನ ಮುಖ ನೋಡಿದಳು. "ಅಗೋ ನಾಯಿ, ಎಲ್ಲಿ ಮೀನು?" ಅನ್ನುವ ಹಾಗೆ. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಎರಡು ಹೆಜ್ಜೆ ಹತ್ತಿರ. ಒಂದು ದಿನ ಬೊಗಳಿದರೆ ಹತ್ತು ಹೆಜ್ಜೆ ಹಿಂದೆ. ಬೊಗಳಿದ್ದು ಅವಳ ತಪ್ಪಲ್ಲ, ನಾನು ಹಾಕಿದ ದೂರದ ಲೆಕ್ಕ ತಪ್ಪಿತ್ತು.

ಮೀನು ತಿನ್ನದ ಮನೆಯವರು ಪನ್ನೀರ್ ಚೂರು, ಬೇಯಿಸಿದ ಗೆಣಸು ಬಳಸಬಹುದು. ದಿನಾ ಸಿಗದ, ನಾಯಿಗೆ ತೀರಾ ಇಷ್ಟದ ತಿಂಡಿ ಆಗಿರಲಿ. ಒಣಮೀನು ಬೇಡ, ಉಪ್ಪು ಜಾಸ್ತಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಪಾಠದಲ್ಲಿ ಕೊಟ್ಟಷ್ಟನ್ನು ಊಟದಲ್ಲಿ ಕಡಿಮೆ ಮಾಡಿ.

"ಹೆದರಿದಾಗ ತಿಂಡಿ ಕೊಟ್ಟರೆ ಹೆದರಿಕೆಗೇ ಬಹುಮಾನ ಕೊಟ್ಟ ಹಾಗಲ್ಲವೇ?" ಅಂತ ಬಹಳ ಜನ ಕೇಳುತ್ತಾರೆ. ಅಲ್ಲ. ಪಟಾಕಿಗೆ ಬೆಚ್ಚಿದ ಮಗುವನ್ನು ಅಜ್ಜಿ ಮಡಿಲಲ್ಲಿ ಕೂರಿಸಿಕೊಂಡು ಬೆಲ್ಲ ಕೊಟ್ಟರೆ ಮಗು ನಾಳೆ ಹೆಚ್ಚು ಹೆದರುವುದಿಲ್ಲ. ಹೆದರಿಕೆ ಬೇಕೆಂದು ಮಾಡುವ ಕೆಲಸ ಅಲ್ಲ, ತಾನಾಗಿ ಬರುವ ಭಾವನೆ. ಜತೆಗೆ ಒಳ್ಳೆಯದು ಸೇರಿದರೆ ಅದು ಇಳಿಯುತ್ತದೆ.

ಮನೆಯೊಳಗಿನ ಪಾಠ ಗೋಣಿಚೀಲದ್ದು. ಒಂದು ಗೋಣಿ ಮಡಿಸಿ ಹಾಸಿ. ನಾಯಿ ಅದರ ಮೇಲೆ ಕಾಲಿಟ್ಟರೆ ಚೂರು, ಕೂತರೆ ಚೂರು, ಸೊಂಟ ಒಂದು ಬದಿಗೆ ಹಾಕಿ ಸಡಿಲವಾಗಿ ಮಲಗಿದರೆ ಇನ್ನೆರಡು ಚೂರು. ಕೆಲವೇ ದಿನಗಳಲ್ಲಿ ಗೋಣಿ ಅಂದರೆ ಆರಾಮದ ಜಾಗ ಅಂತ ಆಗುತ್ತದೆ. ಆಮೇಲೆ ಅದನ್ನು ಗೇಟಿನಿಂದ ದೂರದಲ್ಲಿ ಹಾಸಿ, ಮೀನಿನ ಅಕ್ಕ ಕೂಗಿದ ಕೂಡಲೇ ಅಲ್ಲಿ ಚೂರು ಸುರಿಯಿರಿ. ಹುಲ್ಲಲ್ಲಿ ತಿಂಡಿಯ ಚೂರು ಚೆಲ್ಲಿ ಹುಡುಕಲು ಬಿಡುವುದೂ ಒಳ್ಳೆಯ ಉಪಾಯ. ಮೂಗಿಗೆ ಕೆಲಸ ಸಿಕ್ಕರೆ ನಾಯಿಯ ಮೈ ತಣ್ಣಗಾಗುತ್ತದೆ. ಜೂನ್, ಜುಲೈ ಮಳೆಯಲ್ಲಿ ಹೊರಗೆ ಹೋಗಲಾಗದ ದಿನಗಳಲ್ಲಿ ನಾವು ಹಳೇ ಬಟ್ಟೆಯ ಮಡಿಕೆಗಳಲ್ಲಿ ತಿಂಡಿ ಅಡಗಿಸಿ ಹುಡುಕಿಸುತ್ತೇವೆ.

ತಿರುವಿನಲ್ಲಿ ಎದುರಾದರೆ

ಎಷ್ಟು ಜಾಗ್ರತೆ ಮಾಡಿದರೂ ಕೆಲವೊಮ್ಮೆ ಮೂಲೆ ತಿರುಗಿದ ಕೂಡಲೇ ಮೂತಿಗೆ ಮೂತಿ. ಅದು ಪಾಠ ಮಾಡುವ ಹೊತ್ತಲ್ಲ. "ಬಾ, ಹೋಗೋಣ" ಅಂದು ಖುಷಿಯ ದನಿಯಲ್ಲಿ ಹಿಂದೆ ತಿರುಗಿ ನಡೆಯಿರಿ. ಈ ತಿರುಗುವ ಆಟವನ್ನು ಮೊದಲೇ ಮನೆಯಂಗಳದಲ್ಲಿ ನೂರು ಸಲ ಆಡಿರಬೇಕು. ನಿಂತ ಕಾರು, ದಿಬ್ಬ, ಕಂಪೌಂಡು, ಯಾವುದಾದರೂ ಮರೆ ಸಿಕ್ಕರೆ ಅದರ ಹಿಂದೆ ಸರಿಯಿರಿ.

ಬೀದಿನಾಯಿಗಳು ಸುತ್ತಿಕೊಂಡರೆ ಓಡಬೇಡಿ, ಕೋಲು ಬೀಸಬೇಡಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ. ನಿಧಾನಕ್ಕೆ ಪಕ್ಕಕ್ಕೆ ಬಳಸಿ ಆ ನಾಯಿಗಳ ಸೀಮೆ ದಾಟಿ. ಕೈಯಲ್ಲಿರುವ ತಿಂಡಿಯನ್ನು ಅವುಗಳ ಕಡೆ ದೂರಕ್ಕೆ ಎಸೆದರೆ ಹೊರಡಲು ಹೊತ್ತು ಸಿಗುತ್ತದೆ. ಕಿವಿಯ ತುದಿ ಕತ್ತರಿಸಿದ ಗುರುತಿದ್ದರೆ ಅದು ಸಂತಾನಹರಣ ಚಿಕಿತ್ಸೆ ಆದ ನಾಯಿ, ಚಿಕಿತ್ಸೆಯ ಜತೆ ರೇಬಿಸ್ ಲಸಿಕೆಯನ್ನೂ ಹಾಕುತ್ತಾರೆ. ಭಾದ್ರಪದದಲ್ಲಿ, ಮತ್ತೆ ಮರಿ ಹಾಕಿದ ತಾಯಿ ಇರುವ ಕಾಲದಲ್ಲಿ, ಅವುಗಳ ಓಣಿಯನ್ನೇ ತಪ್ಪಿಸುವುದು ಒಳ್ಳೆಯದು.

ತೋಟದ ನಾಯಿಯ ಕಷ್ಟ ಬೇರೆ

ಶಿರಸಿ ಹತ್ತಿರ ನನ್ನ ಗೆಳೆಯನ ಅಡಿಕೆ ತೋಟ ಇದೆ. ಅವನ ನಾಯಿಯ ಬಗ್ಗೆ ಅವನು ಹೇಳಿದ್ದು: "ಮಂಗ ಓಡಸಲೆ ಸಾಕಿದ್ದು ಮಾರಾಯಾ, ಬಂದವರಿಗೆಲ್ಲ ಕೂಗ್ತು." ವರ್ಷಪೂರ್ತಿ ಬೊಗಳಿದ್ದಕ್ಕೆ ಶಬ್ಬಾಸ್ ಅನ್ನಿಸಿಕೊಂಡ ನಾಯಿಗೆ, ಅಂಗಳಕ್ಕೆ ಬಂದ ನೆಂಟರಿಗೆ ಬೊಗಳಬಾರದು ಅಂತ ಹೇಗೆ ಗೊತ್ತಾಗಬೇಕು?

ಇಲ್ಲಿ ಕೆಲಸದ ಹೊತ್ತು ಮತ್ತು ಬಿಡುವಿನ ಹೊತ್ತನ್ನು ಬೇರೆ ಮಾಡಿ ತೋರಿಸಬೇಕು. ತೋಟಕ್ಕೆ ಹೋಗುವಾಗ ಒಂದು ಮಾತು, ಮುಗಿದಾಗ ಇನ್ನೊಂದು ಮಾತು. ಮುಗಿದ ಮೇಲೆ ಜಗಲಿಯ ಮೂಲೆಯಲ್ಲಿ ಗೋಣಿ, ಅಲ್ಲಿ ತಿಂಡಿ. ಗೆಳೆಯನ ಆಯಿ ಈ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡಿದರು. ದಣಪೆ (ಬೇಲಿಯ ಗಳುವಿನ ಗೇಟು) ತೆಗೆದ ಸದ್ದಾದ ಕೂಡಲೇ ನಾಯಿಯನ್ನು ಹೆಸರು ಹಿಡಿದು ಕರೆದು ಜಗಲಿಯಲ್ಲಿ ಗೆಣಸಿನ ಚೂರು ಹಾಕುತ್ತಿದ್ದರು. ಈಗ ದಣಪೆ ಸದ್ದಾದರೆ ಅದು ಜಗಲಿಗೇ ಓಡುತ್ತದೆ.

ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟುವುದು ರಿಯಾಕ್ಟಿವ್ ನಾಯಿಯನ್ನು ಮಾಡುವ ಸುಲಭದ ದಾರಿ. ಕಟ್ಟಲೇಬೇಕಾದರೆ ಎರಡು ಕಂಬದ ನಡುವೆ ತಂತಿ ಎಳೆದು ಸರಪಳಿ ಅದರ ಮೇಲೆ ಜಾರುವಂತೆ ಮಾಡಿ. ನೆರಳು, ನೀರು ಕೈಗೆಟುಕಲಿ. ರಾತ್ರಿ ಒಳಗೆ ಸೇರಿಸಿಕೊಳ್ಳಿ. ಚಿರತೆ ಓಡಾಡುವ ಕಡೆ ಹೊರಗೆ ಕಟ್ಟಿದ ನಾಯಿ ಅದಕ್ಕೆ ಸುಲಭದ ತುತ್ತು. ನಾಯಿಗೂ ಅದು ಗೊತ್ತು, ರಾತ್ರಿಯ ಬೊಗಳಿಕೆಗೆ ಅದೂ ಒಂದು ಕಾರಣ.

ಪಟಾಕಿ, ತಮಟೆ, ಗುಡುಗು

ನಾಯಿಯ ಕಿವಿ ನಮ್ಮ ಕಿವಿಗಿಂತ ಚುರುಕು. ದೀಪಾವಳಿ ಪಟಾಕಿ, ಶಿರಸಿಯ ಬೇಡರ ವೇಷದ ತಮಟೆ, ಮುಂಗಾರು ಮೊದಲಿನ ಗುಡುಗು ನಮಗಿಂತ ಅವಕ್ಕೆ ಹೆಚ್ಚು ಕಷ್ಟ. ಅಂಥ ದಿನ ಪಾಠ ಬೇಡ. ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಮಂಚದ ಕೆಳಗೆ ಅಡಗಲು ಬಿಡಿ. ಹತ್ತಿರ ಬಂದರೆ ಮೈ ಸವರಿ.

ಎಷ್ಟು ದಿನ ಬೇಕು?

ವಾರಗಳಲ್ಲಿ ಸ್ವಲ್ಪ, ತಿಂಗಳುಗಳಲ್ಲಿ ಹೆಚ್ಚು. ಕೆಲವು ನಾಯಿಗಳಿಗೆ ವರ್ಷ. ಎರಡು ದಿನದಲ್ಲಿ ಸರಿಮಾಡಿ ಕೊಡುತ್ತೇನೆ ಅನ್ನುವವರ ಕೈಗೆ ಹಗ್ಗ ಕೊಡಬೇಡಿ. ಇದುವರೆಗೆ ಯಾರನ್ನಾದರೂ ಕಚ್ಚಿದ ನಾಯಿಯಾದರೆ ಒಬ್ಬರೇ ಪ್ರಯತ್ನಿಸದೆ ಪಶುವೈದ್ಯರ ಸಲಹೆಯಲ್ಲೇ ಮುಂದುವರಿಯಿರಿ. ಬುಟ್ಟಿಯಂಥ ಬಾಯಿಕುಕ್ಕೆ ಹಾಕಲು ನಿಧಾನವಾಗಿ ರೂಢಿ ಮಾಡಿಸಿ. ಅದನ್ನು ಹಾಕಿಕೊಂಡು ನಾಯಿ ಬಾಯಿ ತೆರೆದು ಏದುಸಿರು ಬಿಡುವಂತೆ, ನೀರು ಕುಡಿಯುವಂತೆ ಇರಬೇಕು. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಏದುಸಿರಿನಿಂದ. ಕಾರವಾರದ ಸೆಕೆಯಲ್ಲಿ ಬಾಯಿ ಬಿಗಿದು ಕಟ್ಟುವ ಬಟ್ಟೆಯ ಪಟ್ಟಿ ಹಾಕಿ ತಿರುಗಾಡಿಸಿದರೆ ಜೀವಕ್ಕೇ ಕುತ್ತು.

ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಬೇಕು, ವೈದ್ಯರು ಹೇಳಿದ ದಿನಗಳನ್ನು ಒಂದೂ ತಪ್ಪಿಸದೆ ಮುಗಿಸಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವುದು ಸಾಧ್ಯವೇ ಇಲ್ಲ ಅನ್ನುವಷ್ಟು ಕಷ್ಟ.

ಕೆಂಚಿಗೆ ಈಗ ಅರವತ್ತು ಹೆಜ್ಜೆ ಬೇಡ, ಹದಿನೈದು ಸಾಕು. ಕಪ್ಪು ಗಂಡುನಾಯಿ ಕಂಡರೆ ಈಗಲೂ ಮೂವತ್ತು. ಆಚೆಮನೆ ಅಕ್ಕನ ಮಗು ಅವರ ಕಂಪೌಂಡಿನ ಒಳಗೆ ನಿಂತು "ಕೆಂಚೀ" ಅಂತ ಕರೆಯುತ್ತದೆ. ಕೆಂಚಿ ಒಮ್ಮೆ ಆ ಕಡೆ ನೋಡುತ್ತಾಳೆ, ಆಮೇಲೆ ನನ್ನ ಕೈ ನೋಡುತ್ತಾಳೆ.